ಬ್ರಿಜೆಟ್‌ಳ ಲದ್ದಿಗೆ ದೊರೆತ ಪರವಾನಗಿ

ಕ್ಯಾಲಿಫೋರ್ನಿಯಾದ ಉತ್ತರದ ಬೆಟ್ಟಗಳಲ್ಲಿರುವ ನಮ್ಮ ಫರ್ನ್‌ಲೋ ಜಿಲ್ಲೆಯಲ್ಲಿ ಗಾಂಜಾ ಬೆಳೆಯುವುದು ಸಂಪೂರ್ಣ ಕಾನೂನುಬದ್ಧವಾಗಿದ್ದು, ಗಿಡದ ಬುಡಕ್ಕೆ ಬೀಳುವ ಪ್ರತಿ ವಸ್ತುವಿನ ಪೂರೈಕೆದಾರರೂ ಸಚ್ಚಾರಿತ್ರ್ಯವಂತರಾಗಿರತಕ್ಕದ್ದು.

ಅರವತ್ತು ದಾಟಿದ ಗಾಂಜಾ ಬೆಳೆಗಾರ್ತಿ ಒಡೆಸ್ಸಾ ಪರ್ಸೆಲ್ ಈ ನಿಯಮವನ್ನು ಎಂದೂ ಮೀರಿದವಳಲ್ಲ. ನೆರೆಮನೆಯ ವರ್ಜಿಲ್‌ನ ಹೇಸರಗತ್ತೆ ಬ್ರಿಜೆಟ್ ಹಾಕಿದ ಲದ್ದಿಯನ್ನು ಒಣಹುಲ್ಲಿನೊಂದಿಗೆ ರಾಶಿ ಮಾಡಿ, ಕಾವೇರಿಸಿ, ಆಗಾಗ ಮಗುಚಿ, ಚಳಿಗಾಲವಿಡೀ ಕೊಳೆಸಿ ಮಣ್ಣಿಗೆ ಬೆರೆಸುವುದು ಅವಳ ಪದ್ಧತಿ. ಹಸಿ ಲದ್ದಿ ಬೇರು ಸುಡುತ್ತದೆ. ಕಳಿತದ್ದು ಮಳೆ ಬಿದ್ದ ಕಾಡಿನಂತೆ ಘಮ್ಮೆನ್ನುತ್ತದೆ.

ಸಸಿ ನೆಡುವ ವಾರ ತನಿಖಾಧಿಕಾರಿ ಲಿಂಡ್‌ಗ್ರೆನ್ ಬಂದು ರಾಶಿಯ ಮುಂದೆ ನಿಂತ.

“ಇದರ ತಯಾರಕರು ಯಾರು, ಮೇಡಮ್?”

“ಬ್ರಿಜೆಟ್.”

“ಪೂರ್ತಿ ಹೆಸರು?”

“ಹೇಸರಗತ್ತೆಗೆ ಮನೆತನದ ಹೆಸರು ಎಲ್ಲಿಂದ ತರ್ಲಿ ತಮ್ಮಾ? ಅಪ್ಪ ಕತ್ತೆ, ಅವ್ವ ಕುದುರೆ.”

ಲಿಂಡ್‌ಗ್ರೆನ್ ‘ಅಂತರ್ಜಾತೀಯ ವಿವಾಹ’ ಎಂದು ಬರೆದುಕೊಂಡ. “ಕೊಳೆಸಿದವರು?”

“ಹುಳ.”

“ಎಷ್ಟು ಜನ?”

“ಎಣಿಸಿಲ್ಲ. ನೀನೇ ಕೈ ಹಾಕಿ ಕೇಳು.”

ಹುಳಗಳನ್ನು ಹಂಗಾಮಿ ಕಾರ್ಮಿಕರೆಂದು ಪರಿಗಣಿಸಲು ಆತ ದೊಡ್ಡ ಮನಸ್ಸು ಮಾಡಿದ. ಆದರೆ ಬ್ರಿಜೆಟ್‌ಳ ಪೂರ್ವಾಪರ ಪರಿಶೀಲನೆ ಮುಗಿಯುವವರೆಗೆ ರಾಶಿಗೆ ಮೊಹರು ಬಿತ್ತು.

ಪುಟ್ಟ ಕುಂಡಗಳಲ್ಲಿ ಸಸಿಗಳ ಬೇರು ಸುತ್ತಿಕೊಳ್ಳತೊಡಗಿತು. ಕೆಳಗಿನ ಎಲೆಗಳು ಹಳದಿಯಾದವು. ಆ ವರ್ಷ ನೆಡದಿದ್ದರೆ ಒಡೆಸ್ಸಾಳ ಪರವಾನಗಿಯೇ ರದ್ದು. ಅವಳು ದಿನಾ ನೀರು ಹಾಕುತ್ತ, ಸಸಿಗಳಿಗೆ ಇಲಾಖೆಯ ಪರವಾಗಿ ಕ್ಷಮೆ ಕೇಳುತ್ತಿದ್ದಳು.

ಬ್ರಿಜೆಟ್‌ಳ ನಾಲ್ಕೂ ಗೊರಸುಗಳ ಮುದ್ರೆ ತೆಗೆಯಲಾಯಿತು. ಪಕ್ಕದ ಊರಿನ ನ್ಯಾಯಾಲಯದ ಗುಲಾಬಿಗಳನ್ನು ಆಕೆ ಹಿಂದೊಮ್ಮೆ ತಿಂದು ದೊಡ್ಡಿಗೆ ಸೇರಿದ್ದು ಬೆಳಕಿಗೆ ಬಂತು. ವಿಚಾರಣೆ ನಿಗದಿಯಾಯಿತು.

ವರ್ಜಿಲ್ ಆಕೆಯ ಮೈ ಉಜ್ಜಿ, ತಾನು ಮಾತ್ರ ಸ್ನಾನ ಮಾಡದೆ, ಕಚೇರಿಗೆ ಕರೆತಂದ.

“ಗುಲಾಬಿ ತಿಂದದ್ದು ನಿಜವೇ?” ಎಂದರು ಮುಖ್ಯಾಧಿಕಾರಿಣಿ ಹಾಲ್ವರ್ಸನ್.

ಬ್ರಿಜೆಟ್ ಒಂದು ಕಿವಿ ಆಡಿಸಿದಳು.

“ಆಗ ಹುಡುಗಾಟದ ವಯಸ್ಸು, ಮೇಡಮ್. ಈಗ ಗುಲಾಬಿ ಕಂಡ್ರೆ ಮುಖ ತಿರುಗಿಸ್ತಾಳೆ,” ಎಂದ ವರ್ಜಿಲ್.

“ನಿನಗಿಂತ ಮೊದಲೇ ಬುದ್ಧಿ ಕಲಿತಳು,” ಎಂದಳು ಒಡೆಸ್ಸಾ.

ಅಷ್ಟರಲ್ಲಿ ಬ್ರಿಜೆಟ್ ಬಾಲ ಎತ್ತಿದಳು. ಕಚೇರಿಯ ರತ್ನಗಂಬಳಿಯ ಮೇಲೆ ಉತ್ಪಾದನೆ ನಡೆಯಿತು. ಹಾಲ್ವರ್ಸನ್ ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿ ನೋಡಿದರು.

“ನೀವು ಗಿಡಕ್ಕೆ ಹಾಕುವುದು ಇದನ್ನೇ?”

“ಇದನ್ನೇ, ಆದ್ರೆ ಇದು ಹಸಿ. ಚಳಿಗಾಲ ಕಳೆದ ಮೇಲೆ ಬನ್ನಿ, ಕೈಯಲ್ಲಿ ಹಿಡಿದು ಮೂಸ್ತೀರಿ,” ಎಂದಳು ಒಡೆಸ್ಸಾ.

‘ಪೂರೈಕೆದಾರರು ತಾವಾಗಿಯೇ ಮಾದರಿ ಒದಗಿಸಿ ಸಹಕರಿಸಿದ್ದಾರೆ’ ಎಂದು ಹಾಲ್ವರ್ಸನ್ ಷರಾ ಬರೆದು ಬ್ರಿಜೆಟ್‌ಗೆ ಪರವಾನಗಿ ನೀಡಿದರು. ಷರತ್ತು ಒಂದೇ: ಉತ್ಪಾದನೆಯು ಕಚೇರಿ ವೇಳೆಯಲ್ಲಿ, ತನಿಖಾಧಿಕಾರಿಯ ಸಮಕ್ಷಮ ಜರುಗತಕ್ಕದ್ದು. ಮೊಹರು ಒಡೆಯಿತು. ಒಡೆಸ್ಸಾ ಅದೇ ಸಂಜೆ ಮೊಣಕಾಲೂರಿ ಕೂತು ಎಲ್ಲ ಸಸಿ ನೆಟ್ಟಳು. ಎದ್ದಾಗ ಅವಳ ಕಣ್ಣು ಒದ್ದೆಯಾಗಿತ್ತು. ಬೆನ್ನು ನೋವು ಎಂದಳು.

ಆದರೆ ಬ್ರಿಜೆಟ್‌ಳ ದೈನಂದಿನ ಉತ್ಪಾದನೆ ಬೆಳಗಿನ ಆರಕ್ಕೇ ಮುಗಿದುಹೋಗುತ್ತಿತ್ತು. ವಿಚಾರಣೆಯ ದಿನದ್ದು ಗಾಬರಿಯ ಫಲವಂತೆ.

“ಒಂಬತ್ತರವರೆಗೆ ತಡೆಯೋಕೆ ಹೇಳಿದ್ರಾ?” ಲಿಂಡ್‌ಗ್ರೆನ್ ವರ್ಜಿಲ್‌ನನ್ನು ಕೇಳಿದ.

“ಹೇಳ್ದೆ ಸ್ವಾಮಿ. ನೀವೂ ಒಮ್ಮೆ ತಡೆದು ನೋಡಿ, ಆಮೇಲೆ ಮಾತಾಡೋಣ.”

ಪರವಾನಗಿಯ ಷರತ್ತು ತಿದ್ದಲು ಎರಡು ವರ್ಷ ಬೇಕು. ಕಚೇರಿಯ ವೇಳೆ ತಿದ್ದಲು ಒಂದು ಸಹಿ ಸಾಕು. ಹಾಲ್ವರ್ಸನ್ ಸಹಿ ಹಾಕಿದರು. ಅಂದಿನಿಂದ ನಮ್ಮ ಜಿಲ್ಲಾ ಕಚೇರಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಮದುವೆಯ ನೋಂದಣಿಗೆ ಬಂದ ಜೋಡಿಗಳು ಆಕಳಿಸುತ್ತಲೇ ಸಹಿ ಹಾಕುತ್ತವೆ, ಯಾರೂ ದೂರುವುದಿಲ್ಲ. ಬ್ರಿಜೆಟ್‌ಗೆ ಹೊಟ್ಟೆ ಕಟ್ಟಿದ ದಿನ ಕಚೇರಿಗೆ ರಜೆ. ನೌಕರರ ಸಂಘದವರು ಸರದಿಯ ಮೇಲೆ ಆಕೆಗೆ ಒಣರೊಟ್ಟಿ ತಂದುಕೊಟ್ಟು, ಆರೋಗ್ಯ ವಿಚಾರಿಸಿ ಹೋಗುತ್ತಾರೆ.