ಒಲೆ ಹತ್ತದ ಹಬ್ಬ

ಊರಿಗೆ ಹೊಸತೇನು ಬಂದರೂ ಅದನ್ನು ಹೊಗಳುವ ಮೊದಲ ಬಾಯಿ ನನ್ನದು. ಗುಮಟಾಪುರಕ್ಕೆ ಗೋಬರ್ ಗ್ಯಾಸ್ ಬಂದಾಗಲೂ ಹಾಗೇ ಆಯಿತು. ಹಿತ್ತಿಲಲ್ಲಿ ಗುಂಡಿ ಕಟ್ಟಿಸಿ, ಶಾಲೆಯಲ್ಲಿ ಲೆಕ್ಕದ ಪಾಠ ಬಿಟ್ಟು, ಸಗಣಿಯಿಂದ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆಂದು ಭಾಷಣ ಮಾಡುತ್ತಿದ್ದೆ. ಅದು ಸುಳ್ಳೂ ಅಲ್ಲ. ಗೆಟ್ಟವಾಡಿಯ ಇಟ್ಟಿಗೆ ಗೂಡಿನವರಿಗೆ, ಪೈಪ್ ಜೋಡಿಸುವವನಿಗೆ, ಒಲೆ ರಿಪೇರಿಯವನಿಗೆ ಕೈತುಂಬ ಕೆಲಸ. ಕೂಲಿಗೆ ಹೋಗುತ್ತಿದ್ದ ಮಾದಯ್ಯ ನಮ್ಮ ಗುಂಡಿ ಕಟ್ಟುತ್ತಲೇ ಗಾರೆ ಕೆಲಸ ಕಲಿತ. ದಿನಾ ಬೆಳಿಗ್ಗೆ ಸಗಣಿ ಕಲಸಿ ಗುಂಡಿಯ ಬಾಯಲ್ಲಿರುವ ತೊಟ್ಟಿಗೆ ಸುರಿಯುವವನೂ ಅವನೇ.

ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಚಾಮರಾಜನಗರದಲ್ಲಿದ್ದ ಬಾಮೈದನಿಗೂ ಮೊಬೈಲಿನಲ್ಲಿ ಇದೇ ಭಾಷಣ ಬಿಗಿದೆ. ದೀಪಾವಳಿಗೆ ಬಂದು ನೋಡುತ್ತೇನೆ, ಒಲೆ ಚೆನ್ನಾಗಿ ಉರಿದರೆ ನಮ್ಮ ಅಣ್ಣತಮ್ಮಂದಿರ ಮನೆಗಳ ಗುಂಡಿಯೆಲ್ಲ ಮಾದಯ್ಯನಿಗೇ ಎಂದ. ಅದನ್ನು ನಂಬಿ ಮಾದಯ್ಯ ಬೇರೆ ಕೆಲಸ ಒಪ್ಪಿಕೊಳ್ಳಲಿಲ್ಲ.

ಬಾಮೈದ ಬಂದವನೇ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತ. ನನ್ನ ಹೆಂಡತಿ ಶಿವಮ್ಮ ಕಡ್ಡಿ ಗೀರಿದಳು. ಒಲೆ ಒಮ್ಮೆ ನೀಲಿಯಾಗಿ ಮಿಣಕ್ಕೆಂದು ಆರಿಹೋಯಿತು.

"ತೊಟ್ಟಿ ಒಣಗೋಗದೆ ಮೇಷ್ಟ್ರೇ," ಎಂದ ಮಾದಯ್ಯ, ಬಾಗಿಲಲ್ಲೇ ನಿಂತು. "ಸಗ್ಣಿ ಎಲ್ಲದೆ? ನೀವೇ ದೇವ್ರ ಗಾಡಿಗೆ ಏರಿಸ್ಬುಟ್ರಲ್ಲ."

ಅವನಂದದ್ದು ನಿಜ. ದೀಪಾವಳಿ ಮುಗಿದ ಮೇಲೆ ನಮ್ಮೂರಲ್ಲಿ ಬೀರೇಶ್ವರನ ಸಗಣಿ ಹಬ್ಬ; ಬಾಮೈದ ಬಂದದ್ದೂ ಅದೇ ದಿನ. ಮನೆಮನೆಯ ಸಗಣಿಯನ್ನು ಗಾಡಿಯಲ್ಲಿ ತಂದು ಗುಡಿಯ ಹಿಂದೆ ಗುಡ್ಡೆ ಹಾಕಿ, ಗಂಡಸರು ಉಂಡೆ ಕಟ್ಟಿ ಎರಚಾಡುತ್ತಾರೆ. ನಮ್ಮದು ಯಾರಿಗೂ ಕಡಿಮೆಯಾಗಬಾರದೆಂದು ವಾರದಿಂದ ದಿನವೂ ಕೊಟ್ಟಿಗೆ ಬಳಿದು ಕಳಿಸಿದ್ದೆ.

ಒಂದು ಮಂಕರಿ ಸಗಣಿಯಾದರೂ ಬೇಡಿ ತರೋಣವೆಂದು ಗುಡಿಯತ್ತ ಓಡಿದೆ. ಆಟ ಶುರುವಾಗಿತ್ತು. "ಮೇಷ್ಟ್ರು ಬಂದ್ರು ಕಣ್ಲಾ," ಎಂದ ಒಬ್ಬ. ನನ್ನ ಹತ್ತಿರ ಓದಿದವರೇ ಗುರಿಯಿಟ್ಟು ಹೊಡೆದರು. ದೇವರ ಸಗಣಿ ಈಗಲೇ ಮನೆಗೆ ಒಯ್ಯುವಂತಿಲ್ಲವೆಂದು ಮಂಕರಿಯನ್ನೂ ಕಿತ್ತುಕೊಂಡರು. ಮೈಮೇಲಿದ್ದದ್ದನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.

ಮನೆಗೆ ಬಂದ ನನ್ನನ್ನು ನೋಡಿ ಬಾಮೈದ ಕೆಮ್ಮು ಬರುವಷ್ಟು ನಕ್ಕ. "ನಮ್ಮೂರಲ್ಲಿ ಈ ಅಬ್ಬ ಇಲ್ಲ ಬಾವ, ಒಲೆ ಆರಾಕಿಲ್ಲ. ಮಾದಯ್ಯ, ಸೋಮ್ವಾರ ಬಂದ್ಬುಡು." ಮಾದಯ್ಯನ ಮುಖ ಅರಳಿತು. ನನಗೂ ಹೋದ ಜೀವ ಬಂತು.

"ಅವ ಅಲ್ಲಿಗೋದ್ರೆ ನಮ್ಮ ತೊಟ್ಟಿಗೆ ಕಲ್ಸೋರ್ಯಾರು?" ಎಂದಳು ಶಿವಮ್ಮ. ಉತ್ತರಕ್ಕೂ ಕಾಯದೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ತೊಟ್ಟಿಯೊಳಗೇ ನಿಲ್ಲಿಸಿ, ತಲೆಯ ಮೇಲೆ ಬಿಂದಿಗೆ ನೀರು ಸುರಿದಳು.

"ಸರ್ಯಾಗಿ ಉಜ್ಕಳಿ. ಒಂಚೂರೂ ಈಚೆಗೆ ಚೆಲ್ಬೇಡಿ."

ಅಂದಿನಿಂದ ತೊಟ್ಟಿಗೆ ಸಗಣಿ ಕಲಸುವ ಕೆಲಸ ನನ್ನದು. ಸಗಣಿಯಿಂದ ಜನಕ್ಕೆ ಕೆಲಸ ಸಿಗುತ್ತದೆಂಬ ಭಾಷಣವನ್ನು ನಾನು ಮತ್ತೆ ಮಾಡಿಲ್ಲ.