ಗೋಣಿ ಹೊದ್ದ ಗಾಲಿಕುರ್ಚಿ

ಕೆಲವರಿಗೆ ಹುಟ್ಟುವಾಗಲೇ ಧೈರ್ಯ ಬಂದಿರುತ್ತದೆ. ನನಗೆ ಬಂದದ್ದು ಮುಂಜಾಗ್ರತೆ. ಎರಡೂ ಒಂದೇ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಮಳೆ ಬರುವ ಮೊದಲೇ ಒಂದು ಕೊಡೆ, ಆ ಕೊಡೆ ಮುರಿದರೆ ಇರಲಿ ಎಂದು ಇನ್ನೊಂದು ಕೊಡೆ, ಅದೂ ಕಳೆದುಹೋದರೆ ಗುರುತು ಸಿಗಲೆಂದು ಅದರ ಹಿಡಿಗೆ ಹೆಸರಿನ ಚೀಟಿ. ಇದಕ್ಕೆಲ್ಲ ಕಾರಣ ನಾನು ಓದಿದ ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿನ ಸಿಸ್ಟರುಗಳು. ಅಲ್ಲಿ ಪ್ರತಿಯೊಬ್ಬಳ ಪ್ರತಿಯೊಂದು ಬಟ್ಟೆಗೂ ನಂಬರು ಹೊಲಿದಿರಬೇಕಿತ್ತು. ನನ್ನದು ನಲವತ್ತೇಳು. ಕರವಸ್ತ್ರಕ್ಕೂ ನಲವತ್ತೇಳು, ಕಾಲುಚೀಲ ಎರಡಕ್ಕೂ ಬೇರೆಬೇರೆಯಾಗಿ ನಲವತ್ತೇಳು. ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೊದಲ ತಿಂಗಳಲ್ಲೇ ನಮ್ಮವರ ಬನಿಯನ್ನುಗಳ ಒಳಗೆ ಅವರ ಹೆಸರಿನ ಮೊದಲಕ್ಷರವನ್ನು ಕೆಂಪು ದಾರದಲ್ಲಿ ಹೊಲಿದಿಟ್ಟೆ. ಅವರು ಅದನ್ನು ಪ್ರೀತಿ ಎಂದು ತಿಳಿದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಇಂಥ ನನ್ನ ಕೈಗೆ ಹೋದ ವರ್ಷ ಒಂದು ಗಾಲಿಕುರ್ಚಿಯನ್ನೂ ಅದರ ಒಡತಿಯನ್ನೂ ಒಪ್ಪಿಸಿ, ಮಲೇಷ್ಯಾ ತೋರಿಸಿಕೊಂಡು ಬಾ ಎಂದು ನಮ್ಮವರು ಹೇಳಿದರು. ಒಡತಿ ಎಂದರೆ ನಮ್ಮವರ ಅಕ್ಕ, ನನ್ನ ಅತ್ತಿಗೆ. ಗುಂಡ್ಲುಪೇಟೆಯಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಎಳವೆಯಲ್ಲಿ ಬಂದ ಪೋಲಿಯೋ ಎರಡೂ ಕಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಆ ಶಕ್ತಿ ಎಲ್ಲೂ ಹೋಗಿಲ್ಲ, ತೋಳಿಗೂ ನಾಲಿಗೆಗೂ ಸಮನಾಗಿ ಹಂಚಿಹೋಗಿದೆ ಎಂದು ಅವರ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಒಂಟಿಯಾಗಿ ಸ್ವಂತ ಮನೆಯಲ್ಲಿದ್ದಾರೆ. ನಿವೃತ್ತಿಯಾದಾಗ ತಾವೇ ಆರಿಸಿ ತಂದ ಹಗುರವಾದ ಗಾಲಿಕುರ್ಚಿಯಲ್ಲಿ ಪೇಟೆಯನ್ನೆಲ್ಲ ಸುತ್ತುತ್ತಾರೆ. ಅದರ ಪಕ್ಕದ ಜೇಬಿನಲ್ಲಿ ಈಗಲೂ ಒಂದು ಸೀಮೆಸುಣ್ಣದ ತುಂಡು ಇರುತ್ತದೆ. ಏಕೆ ಎಂದು ಕೇಳಿದರೆ, ಯಾರಾದರೂ ದಾರಿ ಕೇಳಿದರೆ ನೆಲದ ಮೇಲೆ ನಕ್ಷೆ ಬರೆದು ತೋರಿಸಲು ಎನ್ನುತ್ತಾರೆ. ಕೇರಳದ ಕಡೆಗೆ ಹೋಗುವ ಲಾರಿ ಡ್ರೈವರೊಬ್ಬನಿಗೆ ಅವರು ಪೆಟ್ರೋಲ್ ಬಂಕಿನ ನೆಲದಲ್ಲಿ ಇಡೀ ವಯನಾಡನ್ನೇ ಬರೆದು ತೋರಿಸಿದ್ದನ್ನು ನಾನೇ ಕಂಡಿದ್ದೇನೆ.

ಅವರಿಗಿದ್ದದ್ದು ಒಂದೇ ಆಸೆ, ಮಲಕ್ಕಾ ಜಲಸಂಧಿಯನ್ನು ನೋಡುವುದು. ಬೇರೆಯವರು ಸಿಂಗಪುರದ ಅಂಗಡಿಗಳನ್ನು ನೋಡಬೇಕೆನ್ನುತ್ತಾರೆ; ನಮ್ಮ ಅತ್ತಿಗೆಗೆ ಜಲಸಂಧಿ ಬೇಕು. ಮೂವತ್ತು ವರ್ಷ ಕೋಲು ಹಿಡಿದು ಗೋಡೆಯ ನಕ್ಷೆಯಲ್ಲಿ ಅದನ್ನು ತೋರಿಸಿ ತೋರಿಸಿ, ನಕ್ಷೆಯಲ್ಲಿ ಆ ಜಾಗವೇ ತೂತಾಗಿತ್ತಂತೆ. ಇಲ್ಲದ್ದನ್ನು ಮಕ್ಕಳಿಗೆ ಹೇಳಿಕೊಟ್ಟೆನೋ ಏನೋ, ಒಂದು ಸಲ ನೋಡಿಬಿಟ್ಟರೆ ಸಮಾಧಾನ ಎಂದು ನಗುತ್ತಿದ್ದರು.

ನಮ್ಮವರು ಕಾಲೇಜಿನ ಪರೀಕ್ಷೆ ಕೆಲಸದಲ್ಲಿ ಸಿಕ್ಕಿಕೊಂಡಿದ್ದರಿಂದ ಹೊರಟವರು ನಾವಿಬ್ಬರೇ. ಟಿಕೆಟ್ ಮಾಡಿಸಿದ ಮೈಸೂರಿನ ಆಫೀಸಿನವರು ಒಂದು ಫಾರಂ ಕಳಿಸಿದರು. ಕುರ್ಚಿ ಮಡಿಸುತ್ತದೆಯೇ, ಬ್ಯಾಟರಿ ಇದೆಯೇ, ತೂಕವೆಷ್ಟು ಎಂದೆಲ್ಲ ಅದರಲ್ಲಿತ್ತು. ತೂಕಕ್ಕಾಗಿ ಅತ್ತಿಗೆ ಚೆಂಡುಹೂವಿನ ಮಂಡಿಗೇ ಹೋದರು. ಕುರ್ಚಿಯಿಂದಿಳಿದು ಹೂವಿನ ಮೂಟೆಯ ಮೇಲೆ ಕೂತು, ಕುರ್ಚಿಯನ್ನು ತಕ್ಕಡಿಗೆ ಏರಿಸಿ, ಮುಳ್ಳು ನಿಲ್ಲುವವರೆಗೂ ಅದರ ಮೇಲೆ ಕಣ್ಣಿಟ್ಟಿದ್ದರು. ಆಮೇಲೆ ಪ್ರಯಾಣಿಕರ ಬಗ್ಗೆ ಮೂರು ಆಯ್ಕೆಗಳು: ಸ್ವಲ್ಪ ದೂರ ನಡೆಯಬಲ್ಲರು, ಮೆಟ್ಟಿಲು ಹತ್ತಲಾರರು, ನಡೆಯಲಾರರು. ಅತ್ತಿಗೆ ಕನ್ನಡಕ ಏರಿಸಿ ಓದಿದರು.

“ನಾಕನೇದು ಇಲ್ವೇನಮ್ಮಿ? ಕೂತ್ಕೊಂಡೇ ಎಲ್ಲಿಗ್ ಬೇಕಾದ್ರೂ ಓಯ್ತಾರೆ ಅಂತ?”

ಇಲ್ಲ ಎಂದೆ. ಮೂರನೆಯದಕ್ಕೆ ಗುರುತು ಹಾಕಿದರು. ಆದರೆ ಪೆನ್ನು ಕೆಳಗಿಟ್ಟು, ಇಡೀ ಪ್ರಯಾಣಕ್ಕೆ ತಮ್ಮ ಷರತ್ತು ಏನೆಂದು ಆಗಲೇ ಹೇಳಿಬಿಟ್ಟರು.

“ನನ್ ಕುರ್ಚಿ ನನ್ ಕೆಳಗಿದ್ರೆ ಬತ್ತೀನಿ ಕಣಮ್ಮಿ. ಯಾರೋ ನನ್ನ ಸಾಮಾನಿನ ತರ ತಳ್ಕೊಂಡು ಓಗೋದಾದ್ರೆ ಬ್ಯಾಡ ಬುಡು, ನಾನು ಮ್ಯಾಪಲ್ಲೇ ನೋಡ್ಕತೀನಿ.”

ಕುರ್ಚಿಯ ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟೆ. ಸಹೃದಯ ಓದುಗರೇ, ಗಮನಿಸಿ. ಅವರು ಕೇಳಿದ್ದು ಕುರ್ಚಿ ತಮ್ಮ ಕೆಳಗಿರಬೇಕು ಎಂದು. ನನ್ನ ಕಿವಿಗೆ ಬಿದ್ದದ್ದು ಕುರ್ಚಿ ಭದ್ರವಾಗಿರಬೇಕು ಎಂದು. ನಲವತ್ತೇಳನೇ ನಂಬರಿನವಳ ಕಿವಿ ಅಷ್ಟನ್ನೇ ಕೇಳಿಸಿಕೊಳ್ಳುವುದು.

ವಿಮಾನಕ್ಕೆ ಸಾಮಾನು ತುಂಬುವವರು ಎಲ್ಲವನ್ನೂ ಎತ್ತಿ ಎಸೆಯುತ್ತಾರೆ ಎಂದು ಯಾರೋ ಹೇಳಿದ್ದರು. ನಾನು ಒಂದು ವಾರ ನಿದ್ದೆಗೆಟ್ಟು ಯೋಚಿಸಿ, ಅಮೀರ್ ಸಾಬರಲ್ಲಿಗೆ ಹೋದೆ. ಗುಂಡ್ಲುಪೇಟೆಯಲ್ಲಿ ಜೀಪಿನ ಸೀಟು, ಟಾರ್ಪಾಲು, ಶಾಮಿಯಾನ ಏನೇ ಹೊಲಿಯಬೇಕಾದರೂ ಅವರೇ. ಅತ್ತಿಗೆಯ ಕುರ್ಚಿಯ ಮೆತ್ತೆಯನ್ನು ಹೊಲಿದವರೂ ಅವರೇ. ಕುರ್ಚಿಯನ್ನು ಮಡಿಸಿ ಗೋಣಿಯಲ್ಲಿ ಹಾಕಿ ಹೊಲಿದುಕೊಡಿ ಎಂದಾಗ ಅವರು ಗಡ್ಡ ಸವರಿಕೊಂಡು, ಟೀಚರಮ್ಮನಿಗೆ ಇದು ಗೊತ್ತಾ ಎಂದು ಕೇಳಿದರು. ಗೊತ್ತಾಗುತ್ತದೆ ಎಂದೆ. ಅದು ಸುಳ್ಳಂತೂ ಅಲ್ಲ.

ಹೊರಡುವ ದಿನ ಬೆಳಗ್ಗೆ ಅತ್ತಿಗೆ ತಮ್ಮ ಕುರ್ಚಿಯಿಂದ ಕಾರಿನ ಸೀಟಿಗೆ ದಾಟಿಕೊಂಡು ಕೂತ ಮೇಲೆ ಅಮೀರ್ ಸಾಬರು ಕೆಲಸ ಶುರುಮಾಡಿದರು. ಅರಿಶಿನದ ಮಂಡಿಯಿಂದ ತಂದ ಒಂದು ದೊಡ್ಡ ಗೋಣಿ, ಮೂಟೆಯ ಬಾಯಿ ಹೊಲಿಯುವ ಕೈ ಮಿಷನ್ನು. ಮಡಿಸಿದ ಕುರ್ಚಿ ಗೋಣಿಯೊಳಗೆ ಹೋಯಿತು. ಮಿಷನ್ನು ಗರಗರ ಎಂದಿತು. ಒಂದು ಸಾಲು ಸಾಲದೆಂದು ನಾನು ಎರಡು ಸಾಲು ಹಾಕಿಸಿದೆ. ಮೂರು ಕಡೆ ವಿಳಾಸ ಬರೆದೆ. ಒಡೆಯುವ ವಸ್ತು ಎಂದು ತಿಳಿಯಲು ಗಾಜಿನ ಲೋಟದ ಚಿತ್ರವನ್ನೂ ಬರೆದೆ. ಅದು ದೀಪದ ಕಂಬದ ಹಾಗೆ ಬಂತು.

“ಮಕ್ಕಾಗ್ ಹೋಗಿ ಬಂದ್ರೂ ಈ ಹೊಲಿಗೆ ಬಿಚ್ಚಲ್ಲಮ್ಮ, ನೋಡ್ಕೊಳ್ಳಿ” ಎಂದರು ಅಮೀರ್ ಸಾಬರು. ಆಗ ಆ ಮಾತು ನನಗೆ ಆಶೀರ್ವಾದದ ಹಾಗೆ ಕೇಳಿಸಿತು.

ಅತ್ತಿಗೆ ಕಾರಿನೊಳಗಿಂದ ಎಲ್ಲವನ್ನೂ ನೋಡುತ್ತಿದ್ದರು. ವಿಮಾನದವರೆಗೆ ತಾವು ಹೇಗೆ ಹೋಗುವುದು ಎಂದು ಕೇಳಿದರು. ಅಲ್ಲಿ ವಿಮಾನ ನಿಲ್ದಾಣದವರೇ ಒಂದು ಕುರ್ಚಿ ಕೊಡುತ್ತಾರಂತೆ, ಫಾರಂನಲ್ಲಿ ಬರೆದಿದೆ ಎಂದೆ. ಅವರು ಕಾರಿನ ಗಾಜನ್ನು ಮೇಲೇರಿಸಿಕೊಂಡರು. ನಂಜನಗೂಡು ದಾಟಿದರೂ ಇಳಿಸಲಿಲ್ಲ. ಸಾಮಾನ್ಯವಾಗಿ ಕಪಿಲೆಯ ಸೇತುವೆ ಬಂದರೆ ಆ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ಹೇಳದೆ ಬಿಡುವವರಲ್ಲ. ಅವತ್ತು ನದಿ ತನ್ನಷ್ಟಕ್ಕೆ ತಾನು ಹರಿದುಕೊಂಡು ಹೋಯಿತು. ಏನೋ ತಪ್ಪಾಗಿದೆ ಎಂದು ನನಗೆ ಹೊಳೆದದ್ದು ಆಗಲೇ. ಆದರೆ ಆ ಹೊಳಹನ್ನು ಇನ್ನೊಂದು ಸಲ ಪಾಸ್‌ಪೋರ್ಟ್ ಎಣಿಸುವುದರಲ್ಲಿ ಮುಚ್ಚಿಹಾಕಿದೆ. ಎರಡೇ ಇದ್ದವು. ಮತ್ತೆ ಎಣಿಸಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಲ್ಲಿಯವರ ಕುರ್ಚಿ ಬಂತು. ದೊಡ್ಡದು, ಅಗಲವಾದದ್ದು, ಇಬ್ಬರು ಅತ್ತಿಗೆಯರು ಕೂರಬಹುದಾದದ್ದು. ಅದರ ಚಕ್ರ ಚಿಕ್ಕದು, ಕೂತವರ ಕೈಗೆ ಸಿಗುವುದಿಲ್ಲ, ಹಿಂದಿನಿಂದ ಯಾರಾದರೂ ತಳ್ಳಲೇಬೇಕು. ಪಾದ ಇಡುವ ಹಲಗೆಗೆ ಅತ್ತಿಗೆಯ ಪಾದ ಎಟುಕಲಿಲ್ಲ. ತಳ್ಳಲು ಬಂದ ಹೆಂಗಸು ಒಳ್ಳೆಯವರೇ. ಆದರೆ ಅವರು, ಇವರಿಗೆ ನೀರು ಬೇಕಾ, ಇವರ ಊಟ ಆಗಿದೆಯಾ ಎಂದು ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದರು. ಮೂವತ್ತು ವರ್ಷ ಇಡೀ ತರಗತಿಯನ್ನು ಪ್ರಶ್ನೆ ಕೇಳಿದವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆ ಕೈಗಳಿಗೆ ಕೆಲಸವಿಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೌಂಟರಿನಲ್ಲಿದ್ದ ಹುಡುಗಿ ಫಾರಂ ನೋಡಿ, ನಿಮ್ಮದೇ ವೀಲ್‌ಚೇರ್ ತರುತ್ತೀರಿ ಎಂದು ಬರೆದಿದೆ, ಎಲ್ಲಿ ಎಂದಳು. ನಾನು ಗೋಣಿಯನ್ನು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಗೋಣಿಯನ್ನೂ, ಸ್ವಲ್ಪ ಹೊತ್ತು ನನ್ನ ದೀಪದ ಕಂಬವನ್ನೂ ನೋಡಿದಳು. ಆಮೇಲೆ ಬಹಳ ಮೃದುವಾಗಿ, ಯಾಕೆ ಮೇಡಂ ಪ್ಯಾಕ್ ಮಾಡಿಸಿದಿರಿ ಎಂದು ಕೇಳಿದಳು. ಸ್ವಂತ ಕುರ್ಚಿಯಲ್ಲೇ ವಿಮಾನದ ಬಾಗಿಲವರೆಗೂ ಹೋಗಬಹುದಿತ್ತಂತೆ. ಬಾಗಿಲಲ್ಲಿ ಇಳಿದ ಮೇಲೆ ಅದಕ್ಕೆ ಚೀಟಿ ಕಟ್ಟಿ ಕೆಳಗೆ ಸಾಮಾನಿನ ಜಾಗದಲ್ಲಿ ಇಡುತ್ತಾರಂತೆ. ಆ ಕಡೆ ವಿಮಾನದ ಬಾಗಿಲಿಗೇ ತಂದುಕೊಡುವಂತೆ ಕೇಳಿಕೊಳ್ಳಬಹುದಂತೆ. ಹೀಗೆ ಮೂಟೆಯಾಗಿ ಹೋದರೆ ಮಾತ್ರ ಅದೂ ಮೂಟೆಯೇ. ಎಲ್ಲರ ಪೆಟ್ಟಿಗೆಗಳ ಜೊತೆ ಬೆಲ್ಟಿನ ಮೇಲೆ ಬರುತ್ತದೆ, ಅಲ್ಲಿಯವರೆಗೆ ಇಂಥದ್ದೇ ಕುರ್ಚಿ.

ಅತ್ತಿಗೆ ಕೈ ಚಾಚಿದರು. “ನನ್ ಪಾಸ್‌ಪೋರ್ಟ್ ಕೊಡಮ್ಮಿ. ಕಾರು ಇನ್ನೂ ದೂರ ಓಗಿರಲ್ಲ, ಫೋನ್ ಮಾಡ್ತೀನಿ. ನೀನು ಓಗಿ ನೋಡ್ಕೊಂಡು ಬಾ.”

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ತರಗತಿ ಮುಗಿದಾಗ ನಕ್ಷೆ ಸುತ್ತಿಡುವವರ ದನಿಯಲ್ಲಿ ಹೇಳಿದರು. ನಾನು ನೆಲದ ಮೇಲೆ ಕೂತು ಗೋಣಿಯ ಬಾಯಿಗೆ ಕೈ ಹಾಕಿದೆ. ಕತ್ತರಿ, ಬ್ಲೇಡು ಯಾವುದೂ ಕೈಚೀಲದಲ್ಲಿರಬಾರದೆಂದು ಹದಿನೈದು ದಿನ ಮೊದಲೇ ತಿಳಿದು ಎಲ್ಲವನ್ನೂ ಮನೆಯಲ್ಲಿಟ್ಟು ಬಂದಿದ್ದ ಜಾಣೆ ನಾನು. ಸೆರಗಿನ ಪಿನ್ನು ತೆಗೆದು ಹೊಲಿಗೆಯ ಒಂದು ಕಣ್ಣು ಬಿಡಿಸಿದೆ, ದಾರ ಎಳೆದೆ. ಬಿಗಿಯಾಯಿತು. ಇನ್ನೂ ಜೋರಾಗಿ ಎಳೆದೆ. ಗಂಟಾಯಿತು. ಕೌಂಟರಿನ ಹುಡುಗಿ ಕತ್ತರಿ ತರಲು ಹೋದವಳು ಬರಲಿಲ್ಲ. ಹಿಂದಿನ ಸಾಲಿನವರು ಪೆಟ್ಟಿಗೆಗಳ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅಮೀರ್ ಸಾಬರ ಆಶೀರ್ವಾದ ಗಟ್ಟಿಯಾಗಿ ನಿಂತಿತ್ತು. ನನಗೆ ಅಳು ಬಂತು. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಸದ್ದಿಲ್ಲದೆ ಅತ್ತೆ.

“ಬುಡಮ್ಮಿ, ಬುಡು. ಯಾವ್ ಕಡೆಯಿಂದ ಎಳೀತಿದ್ದೀಯೆ?” ಎಂದರು ಅತ್ತಿಗೆ ಮೇಲಿನಿಂದ. “ಗೊಬ್ಬರದ್ ಚೀಲ ಒಂದ್ ದಿನಾನಾದ್ರೂ ಬಿಚ್ಚಿದ್ದೀಯಾ? ತತ್ತಾ ಇಲ್ಲಿ.”

ತಳ್ಳುವ ಹೆಂಗಸೂ ನಾನೂ ಸೇರಿ ಗೋಣಿಯ ಬಾಯನ್ನು ಅವರ ಮಡಿಲಿಗೆ ಎತ್ತಿಟ್ಟೆವು. ಅತ್ತಿಗೆ ಹುಟ್ಟಿದ್ದು ಹರವೆಯಲ್ಲಿ, ಅರಿಶಿನ ಬೆಳೆಯುವ ಮನೆಯಲ್ಲಿ. ಓಡಾಡಲಾಗದ ಮಗುವನ್ನು ಜಗಲಿಯಲ್ಲಿ ಕೂರಿಸಿ ಕೊಡುತ್ತಿದ್ದ ಕೆಲಸವೇ ಚೀಲ ಬಿಚ್ಚುವುದು, ದಾರ ಸುತ್ತಿಡುವುದು. ಹೊಲಿಗೆಯ ಒಂದು ಮಗ್ಗುಲು ನೆಟ್ಟಗೆ ಗೆರೆ ಎಳೆದಂತೆ ಇರುತ್ತದೆ, ಇನ್ನೊಂದು ಮಗ್ಗುಲು ಜಡೆ ಹೆಣೆದಂತೆ. ನೆಟ್ಟಗಿನ ಮಗ್ಗುಲನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಾನು ಗಂಟು ಹಾಕಿದ ತುದಿಯನ್ನು ಬಿಟ್ಟು, ಬಲತುದಿಯಲ್ಲಿ ಉಗುರಿನಿಂದ ಒಂದೇ ಒಂದು ಕಣ್ಣು ಬಿಡಿಸಿದರು. ದಾರದ ತುದಿಯನ್ನು ಬೆರಳಿಗೆ ಸುತ್ತಿ ಎಳೆದರು.

ಸರ್ರ್ ಎಂದು ಇಡೀ ಸಾಲು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಅಷ್ಟರಲ್ಲಿ ಕತ್ತರಿ ಸಿಗದೆ ವಾಪಸ್ಸು ಬಂದ ಕೌಂಟರಿನ ಹುಡುಗಿ ಅದನ್ನು ಬಾಯಿಬಿಟ್ಟು ನೋಡಿದಳು. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದಳು: “ಮೇಡಂ, ಎರಡನೇ ಸಾಲು ನಾನು ಎಳೀಲಾ?”

ಪ್ರಶ್ನೆ ಕೇಳಿದ್ದು ಅತ್ತಿಗೆಯನ್ನು, ನನ್ನನ್ನಲ್ಲ. ಅತ್ತಿಗೆ ಅವಳಿಗೆ ಬಲತುದಿ ತೋರಿಸಿಕೊಟ್ಟರು.

ಕುರ್ಚಿ ಹೊರಬಂದಾಗ ಅರಿಶಿನ ಹಚ್ಚಿಕೊಂಡ ಮದುಮಗಳ ಹಾಗಿತ್ತು. ಮುಂದೆ ತಪಾಸಣೆಯ ಅಧಿಕಾರಿ ಬಿಳಿ ಬಟ್ಟೆಯ ತುಂಡಿನಿಂದ ಅದನ್ನು ಒರೆಸಿ ಸ್ಫೋಟಕ ಪತ್ತೆಹಚ್ಚುವ ಯಂತ್ರಕ್ಕೆ ಇಡಲು ಹೋದರೆ ಬಟ್ಟೆ ಪೂರ್ತಿ ಹಳದಿ. ಅವರು ಮೂಗಿನ ಹತ್ತಿರ ಹಿಡಿದು, ಹಲ್ದೀ? ಎಂದರು. ಚಾಮರಾಜನಗರ ಜಿಲ್ಲೆಯ ಅರಿಶಿನದ ವಿಷಯ ಅತ್ತಿಗೆ ಅವರಿಗೆ ಹಿಂದಿಯಲ್ಲಿ ಹೇಳಿದರು, ಮಣ್ಣಿನ ಬಗೆಯೂ ಸೇರಿದಂತೆ. ಯಂತ್ರ ಏನೂ ತಕರಾರು ಮಾಡಲಿಲ್ಲ. ಅಲ್ಲಿಂದ ವಿಮಾನದ ಬಾಗಿಲವರೆಗೆ ಅವರು ತಾವೇ ಚಕ್ರ ತಿರುಗಿಸಿಕೊಂಡು ಎಷ್ಟು ವೇಗವಾಗಿ ಹೋದರೆಂದರೆ, ತಳ್ಳಲು ಬಂದ ಹೆಂಗಸೂ ನಾನೂ ಅಕ್ಕಪಕ್ಕದಲ್ಲಿ ಏದುಸಿರು ಬಿಡುತ್ತ ಓಡಿದೆವು. ಆಕೆಗೂ ನನಗೂ ಅಲ್ಲಿಯೇ ಸ್ನೇಹ ಹುಟ್ಟಿತು.

ಮಲೇಷ್ಯಾದಲ್ಲಿ ಇಳಿದಾಗ ಕುರ್ಚಿ ವಿಮಾನದ ಬಾಗಿಲಲ್ಲೇ ಕಾಯುತ್ತಿತ್ತು, ಒಂದು ಗೀರೂ ಇಲ್ಲದೆ. ಮೂರನೆಯ ದಿನ ಮಲಕ್ಕಾ ಊರಿನ ದಂಡೆಗೆ ಹೋದೆವು. ನಿಜ ಹೇಳಬೇಕೆಂದರೆ ಜಲಸಂಧಿ ಎಂಬುದು ನೋಡಲು ಅಂಥ ವಿಶೇಷವೇನೂ ಅಲ್ಲ. ಕೆಸರು ಬಣ್ಣದ ನೀರು, ದೂರದಲ್ಲಿ ಬೆಂಕಿಪೊಟ್ಟಣದಷ್ಟು ಹಡಗುಗಳು. ಅತ್ತಿಗೆ ಕಟ್ಟೆಯ ಅಂಚಿನವರೆಗೆ ಹೋಗಿ, ಬ್ರೇಕು ಹಾಕಿ, ಬಹಳ ಹೊತ್ತು ನೋಡಿದರು.

“ಎದುರುಗಡೆ ಸುಮಾತ್ರಾ. ಕಾಣಕಿಲ್ಲ. ಆದ್ರೆ ಅಲ್ಲೇ ಅದೆ ಕಣಮ್ಮಿ” ಎಂದರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಕಟ್ಟೆಯ ಕಲ್ಲಿನ ಮೇಲೆ ಒಂದು ಸಣ್ಣ ಗುರುತು ಹಾಕಿದರು. ನಕ್ಷೆಯಲ್ಲಿ ಪಾಠ ಮುಗಿದ ಜಾಗಕ್ಕೆ ಹಾಕುತ್ತಿದ್ದ ಸರಿ ಚಿಹ್ನೆ.

ಗೋಣಿಯನ್ನು ಕೌಂಟರಿನಲ್ಲೇ ಬಿಡಲು ಮನಸ್ಸಾಗದೆ ಪೆಟ್ಟಿಗೆಯಲ್ಲಿ ಹಾಕಿಕೊಂಡಿದ್ದೆ. ಅದು ಮಲೇಷ್ಯಾ ನೋಡಿಕೊಂಡು ಬಂದು ಈಗ ನಮ್ಮ ಹಿತ್ತಿಲ ಬಾಗಿಲಲ್ಲಿ ಕಾಲೊರೆಸಾಗಿದೆ. ಅಮೀರ್ ಸಾಬರು ಸಿಕ್ಕಿದಾಗ ಹೊಲಿಗೆ ಹೇಗಿತ್ತು ಎಂದು ಕೇಳಿದರು. ನಾನು ಎಳೆದಾಗ ಬಿಚ್ಚಲಿಲ್ಲ ಎಂದೆ. ಅವರಿಗೆ ತೃಪ್ತಿಯಾಯಿತು.

ಮೊನ್ನೆ ಗುಂಡ್ಲುಪೇಟೆಗೆ ಹೋದಾಗ ಅತ್ತಿಗೆ ನನ್ನ ಮುಂದೆ ಒಂದು ಕಾಗದ ತಳ್ಳಿದರು. ಅದೇ ಫಾರಂ. ಮುಂದಿನ ವರ್ಷ ಜಿಬ್ರಾಲ್ಟರ್ ಜಲಸಂಧಿಯಂತೆ. ಎಲ್ಲವನ್ನೂ ಅವರೇ ತುಂಬಿದ್ದರು, ದುಂಡಗಿನ ಟೀಚರ್ ಅಕ್ಷರದಲ್ಲಿ. ಸಹಾಯ ಬೇಕಾದ ಪ್ರಯಾಣಿಕರು ಎಂಬಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಸೇರಿಸಿದ್ದರು. ಯಾವ ರೀತಿಯ ಸಹಾಯ ಎಂಬಲ್ಲಿ, ಚೆನ್ನಾಗಿ ನಡೆಯುತ್ತಾರೆ, ಹೊರಡುವ ಮುನ್ನ ಒಂದು ವಾರ ಕಣ್ಣಿಟ್ಟಿರಬೇಕು ಎಂದಿತ್ತು.

ತಮಾಷೆಗೆ ಬರೆದದ್ದೋ ಕಳಿಸಲೆಂದೇ ಬರೆದದ್ದೋ ಅವರ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಹೊಡೆದುಹಾಕಲು ಕಾರಣವೂ ಹೊಳೆಯಲಿಲ್ಲ. ಸಹಿ ಹಾಕಿದೆ. ಹಾಕಿದ ಮೇಲೆ ನೋಡುತ್ತೇನೆ, ಕೈ ತಾನಾಗಿಯೇ ಸಹಿಯ ಪಕ್ಕದಲ್ಲಿ ನಲವತ್ತೇಳು ಎಂದು ಬರೆದುಬಿಟ್ಟಿತ್ತು.