ಹಳದಿ ಪೋಸ್ಟರಿನ ಪಿಚ್ಚರ್

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಚಹಾ ಬೇಕೆನಿಸುತ್ತದೆ. ಚಹಾ ಕುಡಿದರೆ ಹೊರಗೆ ಅಡ್ಡಾಡಿ ಬರಬೇಕೆನಿಸುತ್ತದೆ. ಹೀಗೇ ಮಳೆಗಾಲ ಕಳೆಯಿತು, ಚಳಿಗಾಲವೂ ಮುಗಿಯುತ್ತ ಬಂತು. ಇವತ್ತು ಚಹಾಪುಡಿ ಖಾಲಿ. ನೆಪವೂ ಖಾಲಿ!

ನಾನು ವಿಜಯಪುರದ ಟಾಕೀಜುಗಳಿಗೆ ಬ್ಯಾನರ್ ಬರೆಯುತ್ತಿದ್ದ ಪೇಂಟರ್. ಮುಖಗಳು ನನ್ನವು, ಅಕ್ಷರಗಳು ನನ್ನ ಜೊತೆಗಾರನವು. ಪಿಚ್ಚರ್ ನೋಡಿ ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಂಗೈಯಗಲದ ಫೋಟೊ ಕೊಡುತ್ತಿದ್ದರು, ಕಥೆಯನ್ನು ನಾವು ಬಣ್ಣದಲ್ಲಿ ಹೇಳುತ್ತಿದ್ದೆವು. ಹೊಡೆದಾಟಕ್ಕೆ ಹಿನ್ನೆಲೆ ಕೆಂಪು, ಅಳುವುದಕ್ಕೆ ನೀಲಿ, ನಗುವುದಕ್ಕೆ ಹಳದಿ. ಜೋರಾಪುರ ಪೇಟೆಯ ಮಂದಿ ದೂರದಿಂದಲೇ ಬಣ್ಣ ನೋಡಿ ಟಿಕೆಟ್ ತೆಗೆಸುತ್ತಿದ್ದರು.

ಪಿಚ್ಚರ್ ನೋಡುವ ಚಟ ಹತ್ತಿದ್ದು ಮುದುಕನಾದ ಮೇಲೆ. ಇತ್ತೀಚೆಗೆ ಒಂದು ನೋಡಿದೆ. ಪೂರ್ತಿ ಕತ್ತಲು! ನಾಯಕನ ಮೂಗೆಲ್ಲಿ, ಗೋಡೆಯೆಲ್ಲಿ, ತಿಳಿಯಲಿಲ್ಲ. ಕರೆಂಟ್ ಬಿಲ್ಲಿಗೆ ಹೆದರಿ ತೆಗೆದಿದ್ದರೇನೋ. ಇನ್ನೊಂದರಲ್ಲಿ ನಾಯಕಿಯ ಮುಖಕ್ಕೆ ನೆರಳೇ ಇಲ್ಲ. ಸುಣ್ಣ ಹಚ್ಚಿದ ಗೋಡೆ ಅತ್ತಂತಿತ್ತು. ಇಷ್ಟು ಪಾಂಡಿತ್ಯ ಗಳಿಸಿದ ಮೇಲೆ ಮೂರನೆಯದಕ್ಕೆ ಜೊತೆಗಾರನನ್ನೂ ಕರೆದೆ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ಟಿಕೋಟಾದಲ್ಲಿ ಮಗಳ ಮನೆ ಸೇರಿದ್ದ. ಮಾತು ಕಡಿಮೆ ಮಾಡಿದ್ದ. ಅವನನ್ನು ನಗಿಸುವ ಹೊಣೆ ನನ್ನದೆಂದು ನಾನೇ ತೀರ್ಮಾನಿಸಿದೆ.

"ಪಿಚ್ಚರ್ ಎಂಥಾದ್ದು ಅಂತ ಯಾರನ್ನರ ಕೇಳೀರೇನು?" ಎಂದಳು ನನ್ನ ಹೆಂಡತಿ.

"ಪೇಂಟರ್‌ಗೆ ಕೇಳ್ತಿ? ಪೋಸ್ಟರ್ ಪೂರಾ ಹಳದಿ ಐತಿ!"

"ಈಗಿನ ಹುಡುಗರಿಗೆ ನಿಮ್ಮ ಹಳದಿ ಗೊತ್ತೈತೇನ್ರಿ?"

ಈ ಪ್ರಶ್ನೆಯನ್ನು ಅಜ್ಞಾನವೆಂದು ಪರಿಗಣಿಸಿ ತಳ್ಳಿಹಾಕಿದೆ.

ಟಿಕೋಟಾ ಬಸ್ ಇಳಿದ ಜೊತೆಗಾರನನ್ನು ಕೈ ಹಿಡಿದು ಟಾಕೀಜಿಗೆ ಎಳೆದೆ. "ನನಗ ಮನಸ್ಸಿಲ್ಲಲೇ," ಎಂದ.

"ಸುಮ್ನ ಬಾರಲೇ. ನಕ್ಕು ನಕ್ಕು ಹಲ್ಲಿನ ಸೆಟ್ ಬೀಳ್ತೈತಿ, ಗಟ್ಟಿ ಹಿಡ್ಕೊ!"

ಪಿಚ್ಚರ್ ಶುರುವಾಯಿತು. ಆಸ್ಪತ್ರೆ. ಮಂಚದ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಅವಳ ಗಂಡ. ಪೋಸ್ಟರಿನ ಹಳದಿ ಆಸ್ಪತ್ರೆಯ ಗೋಡೆಯದು! ನಗು ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಇಂಟರ್ವಲ್ಲಿಗೆ ಮೊದಲೇ ಮುದುಕಿ ಸತ್ತಳು.

ಆಗಲಾದರೂ ಬಾಯಿ ಮುಚ್ಚಬೇಕಿತ್ತು. ಆದರೆ ಗಾಬರಿಯಾದರೆ ನನ್ನೊಳಗಿನ ಕಲಾವಿದ ಎದ್ದು ಕೂಡುತ್ತಾನೆ.

"ನೋಡಲೇ, ಸತ್ತವರ ಮಾರಿ ಹಿಂಗಿರ್ತೈತೇನು? ತುಟಿಗೆ ಒಂಚೂರು ನೀಲಿ ಬೇಕಿತ್ತು."

"ಯಜ್ಜಾ, ಸುಮ್ನ ಕುಂದರ್ರಿ," ಎಂದ ಹಿಂದಿನ ಸೀಟಿನವ.

ಜೊತೆಗಾರ ನನ್ನ ಕಡೆ ನೋಡಲಿಲ್ಲ. "ಇತ್ತಲೇ," ಎಂದ ಮೆಲ್ಲಗೆ. "ನೀಲಿ ಇತ್ತು."

"ಎಲ್ಲೈತಿ? ಚಸ್ಮಾ ಒರಸ್ಕೊ!" ಎಂದೆ ನಾನು.

ಅವನು ಎದ್ದು ಹೋದ. ಮೂತ್ರಕ್ಕೆ ಹೋಗಿರಬೇಕೆಂದು ಅವನ ಪಾಲಿನ ಶೇಂಗಾವನ್ನೂ ತಿಂದು ಮುಗಿಸಿದೆ. ಪಿಚ್ಚರ್ ಬಿಟ್ಟ ಮೇಲೆ ಹೊರಗೆಲ್ಲ ಹುಡುಕಿದೆ. ಟಿಕೋಟಾ ಬಸ್ ಹೋಗಿ ಬಹಳ ಹೊತ್ತಾಗಿತ್ತು. ಅವನು ಹೇಳಿದ್ದು ಯಾರ ತುಟಿಯ ಮಾತೆಂದು ತಿಳಿದದ್ದು ಬಸ್ ನಿಲ್ದಾಣದ ಖಾಲಿ ಕಲ್ಲುಬೆಂಚಿನ ಮೇಲೆ ಕೂತಾಗ.

ತಪ್ಪಾಯಿತು ಎನ್ನಲು ಟಿಕೋಟಾಕ್ಕೆ ಹೋದೆ. ಮಗಳು ಚಹಾ ಕೊಟ್ಟಳು. ದಾರಿಯುದ್ದಕ್ಕೂ ಉರುಹೊಡೆದ ಮಾತು ಬಿಟ್ಟು, "ಆ ಪಿಚ್ಚರ್‌ದ ಟೈಟಲ್ ಅಕ್ಷರ ಭಾಳ ಕೆಟ್ಟಿದ್ದುವಲ್ಲ?" ಎಂದೆ.

"ಹೂಂ," ಎಂದ ಜೊತೆಗಾರ.

ಇಷ್ಟೇ. ಚಹಾ ಕುಡಿದು ಬಂದೆ!

ನಮ್ಮ ಬ್ಯಾನರುಗಳ ಮೂಲೆಯಲ್ಲಿ ನನ್ನ ಹೆಸರು ಇರುತ್ತಿತ್ತು, ಬರೆಯುತ್ತಿದ್ದವನು ಅವನು. ಅವನ ಹೆಸರು ಎಲ್ಲಿಯೂ ಇಲ್ಲ. ಇವತ್ತು ಅದನ್ನಾದರೂ ಬರೆಯೋಣವೆಂದು ಹಳೆಯ ಬ್ರಶ್ ತೆಗೆದು ಹಲಗೆಯ ಮುಂದೆ ಕೂತೆ. ಮೊದಲ ಅಕ್ಷರ ಕುಂಬಳಕಾಯಿಯಷ್ಟಾಯಿತು, ಜಾಗ ಸಾಲದೆ ಕೊನೆಯದು ಗೋಡೆಗೆ ಹತ್ತಿತು. ಅವನ ಹೆಸರನ್ನು ಓದಲು ಬರುವಂತೆ ಇಲ್ಲಿ ಬರೆಯುತ್ತೇನೆ.

ದಸ್ತಗೀರ.